ರವಿವಾರಗಳ ಸವಾಲು

ಸರ್ ಅವರ ಹತ್ತು ಬೆರಳುಗಳು ಎಂದೂ ಸುಮ್ಮನಿದ್ದವಲ್ಲ. ಎದುರಿಗೆ ಕೂತವರು ಆಡಿದ ಮಾತನ್ನೆಲ್ಲ ಅವು ತೊಡೆಯ ಮೇಲೆ, ಧೋತರದ ನಿರಿಗೆಯ ಮೇಲೆ, ಹೋಟೆಲಿನ ಮೇಜಿನ ಮೇಲೆ ಟೈಪು ಮಾಡುತ್ತಲೇ ಇರುತ್ತಿದ್ದವು. ಮಾತು ಸಾಕೆನಿಸಿದಾಗ ಎಡಗೈ ಎದ್ದು, ಇಲ್ಲದ ಯಂತ್ರದ ಇಲ್ಲದ ಹಿಡಿಕೆಯನ್ನು ಸರ್ರನೆ ಬಲಕ್ಕೆ ತಳ್ಳುತ್ತಿತ್ತು. ಅಲ್ಲಿಗೆ ನಿಮ್ಮ ಸಾಲು ಮುಗಿಯಿತೆಂದು ಅರ್ಥ. ಈ ತಳ್ಳುವಿಕೆಗೆ ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹೋಟೆಲುಗಳಲ್ಲಿ ಹುತಾತ್ಮವಾದ ಚಹಾ ಗ್ಲಾಸುಗಳು ಒಂದೆರಡಲ್ಲ.

ಅರ್ಧ ತಾಲೂಕಿನ ಗುಮಾಸ್ತರನ್ನು ತಯಾರಿಸಿದ ಟೈಪಿಂಗ್ ಕ್ಲಾಸು ಅವರದು. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಬಂದು ಕ್ಲಾಸು ಬರಿದಾಯಿತು. ಸರ್ ಕಂಪ್ಯೂಟರನ್ನು ಶಪಿಸಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದರು. ಒಂದು ಬಳಗ ಕಟ್ಟಿದರು. ಪ್ರೋಗ್ರಾಮುಗಳನ್ನು ತಾವೇ ಬರೆದು, ಒಳಗಿನ ಸೋರ್ಸ್ ಕೋಡ್ ಬರಹದ ಸಮೇತ ಫ್ಲಾಪಿಗೆ ಹಾಕಿ, ಬೇಕಾದವರು ಒಯ್ಯಲಿ, ಬೇಕಾದಂತೆ ತಿದ್ದಲಿ ಎಂದು ಬಿಟ್ಟುಕೊಡುವವರ ಬಳಗ. ರವಿವಾರ ಬೆಳಿಗ್ಗೆ ಆ ಖಾಲಿ ಕ್ಲಾಸಿನಲ್ಲೇ ನಾವು ಸೇರುತ್ತಿದ್ದೆವು.

ನಾನು ಸೇರಿದ್ದು ಲೋಕಕಲ್ಯಾಣಕ್ಕಲ್ಲ. ನನ್ನದೊಂದು ಪ್ರೆಸ್ಸು. ಅಚ್ಚಿನ ಮೊಳೆ ಜೋಡಿಸುವುದನ್ನು ಬಿಟ್ಟು, ಕಂಪ್ಯೂಟರ್ ತಂದು, ಕನ್ನಡದ ಸಾಫ್ಟ್‌ವೇರ್ ಕೊಂಡಿದ್ದೆ. ಅದಕ್ಕೆ ಕಂಪ್ಯೂಟರಿನ ಬೆನ್ನಿಗೆ ಸಿಗಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಲಾಕು. ಅದಿಲ್ಲದಿದ್ದರೆ ಒಂದಕ್ಷರವೂ ಮೂಡದು. ನಮ್ಮ ಊರಿನ ಕರೆಂಟು ಒಂದು ಮಧ್ಯಾಹ್ನ ಆ ಲಾಕನ್ನು ಸುಟ್ಟಿತು. ಹೊಸದು ಬೇಕೆಂದರೆ ಮತ್ತೆ ಇಡೀ ಸಾಫ್ಟ್‌ವೇರಿನ ಬೆಲೆ ಕೊಡಿ ಎಂದರು ಮಾರಿದವರು. ಲಗ್ನಪತ್ರಿಕೆಗಳೆಲ್ಲ ನಿಪ್ಪಾಣಿಯ ಪ್ರೆಸ್ಸುಗಳಿಗೆ ಹೋಗತೊಡಗಿದವು. ಯಾರ ಲಾಕೂ ಇಲ್ಲದ ಕನ್ನಡ ಅಕ್ಷರ ಸಿಗದಿದ್ದರೆ ನಾನು ಅಂಗಡಿಗೆ ಬೀಗ ಹಾಕುವುದೇ ಉಳಿದಿತ್ತು.

ಬಳಗದಲ್ಲಿ ಸೂಚನೆಗಳಿಗೆ ಬರವಿರಲಿಲ್ಲ; ಮಾಡುವವರಿಗಷ್ಟೇ ಬರ. ಒಂದು ರವಿವಾರ ಹುಟ್ಟಿದ ಯೋಜನೆ ಮುಂದಿನ ರವಿವಾರದ ಮುಖ ನೋಡುತ್ತಿರಲಿಲ್ಲ. ಇದನ್ನು ಕಂಡ ಸರ್ ಒಂದು ಶಾಸನ ಹೊರಡಿಸಿದರು. ಪ್ರತಿ ಕೆಲಸಕ್ಕೆ ಆಯುಸ್ಸು ಎರಡು ವರ್ಷ. "ಒಂದ್ ನಾಟಿ, ಒಂದ್ ಕುಳಿ. ಅದಕ್ಕಿಂತ ಸಣ್ಣದು ಮನಿಕೆಲಸ, ದೊಡ್ಡದು ಪುರಾಣ." ಕಬ್ಬು ಬೆಳೆಯುವ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ: ಒಮ್ಮೆ ನೆಟ್ಟ ಬೆಳೆ, ಕಡಿದ ಮೇಲೆ ಅದೇ ಬುಡದಿಂದ ಚಿಗುರುವ ಕುಳೆ ಬೆಳೆ, ಅಷ್ಟೇ. ಸೂಚಿಸುವವರಿಗೆಲ್ಲ ಅವರ ಪ್ರಶ್ನೆ ಒಂದೇ. "ಮುಗೀತು ಅಂದ್ರ ಕಣ್ಣಿಗೆ ಏನ್ ಕಾಣಬೇಕು? ಅದನ್ನ ಮೊದಲ ಹೇಳ್ರಿ."

ಆಯ್ಕೆಗೆ ಕೈ ಎತ್ತುವುದನ್ನು ಅವರು ಒಪ್ಪಲಿಲ್ಲ. "ಕೈ ಎತ್ತಾಕ ಏನ್ ಖರ್ಚೈತ್ರಿ?" ಎಂದರು. ಸರ್ ಜೈನರು. ಬಸದಿಯಲ್ಲಿ ಅಭಿಷೇಕದ ಮೊದಲ ಕಳಸ ಯಾರದೆಂದು ಸವಾಲು ಕೂಗುತ್ತಾರೆ; ಹರಾಜಿಗೆ ನಮ್ಮ ಕಡೆ ಸವಾಲೇ ಅನ್ನುವುದು. ಹೆಚ್ಚು ಕೂಗಿದವರದು ಕಳಸ. ಸರ್ ಅದನ್ನೇ ಎತ್ತಿ ತಂದರು, ರೂಪಾಯಿಯ ಬದಲು ತಾವು ದುಡಿಯಲು ಕೊಡುವ ರವಿವಾರ. ಯಾವ ಕೆಲಸಕ್ಕೆ ಜನ ಹೆಚ್ಚು ರವಿವಾರ ಕೂಗುತ್ತಾರೋ ಅದು ಗೆದ್ದಂತೆ.

ಮೊದಲ ಸವಾಲಿಗೆ ಬಂದದ್ದು ಎರಡು ಸೂಚನೆ. ನನ್ನ ಕನ್ನಡ ಅಕ್ಷರ ಒಂದು. ಇನ್ನೊಂದು ಮಂಗಸೂಳಿಯ ದ್ರಾಕ್ಷಿ ಬೆಳೆಗಾರರೊಬ್ಬರದು: ಹವೆ ನೋಡಿ, ತೋಟಕ್ಕೆ ಯಾವಾಗ ಔಷಧ ಹೊಡೆಯಬೇಕೆಂದು ಹೇಳುವ ಪ್ರೋಗ್ರಾಮು.

"ಅಕ್ಷರಕ್ಕೆ ಎಂಟು ರವಿವಾರ" ಎಂದೆ.

"ದ್ರಾಕ್ಷಿಗೆ ಹತ್ತರಿ" ಎಂದರು ದ್ರಾಕ್ಷಿಯವರು. "ಎಲಿ ಮ್ಯಾಲ ರೋಗ ಕುಂತಾಗ ಅಕ್ಷರ ಓದಿದ್ರ ಹೋಗತೈತೇನು?"

"ಹದಿನೈದು!"

"ಇಪ್ಪತ್ತು. ನಮ್ಮ ತಮ್ಮಂದೂ ಇಪ್ಪತ್ತು ಹಿಡೀರಿ."

"ತಮ್ಮನ್ನ ಕೇಳೀರೇನು?" ಎಂದರು ಸರ್.

"ಅವನ್ನೇನ್ ಕೇಳೂದ್ರಿ, ತಮ್ಮ ಅದಾನ!"

ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. "ವರ್ಷದ ಎಲ್ಲಾ ರವಿವಾರ!" ಎಂದು ಎದ್ದು ನಿಂತೆ.

"ಕೆಲಸ ಎರಡ್ ವರ್ಷದ್ದು ಸಾವಕಾರ್ರ" ಎಂದರು ಸರ್.

"ಹಂಗಾರ ಎರಡೂ ವರ್ಷದ್ದು ಬರಕೋರಿ!"

"ಏಕ... ದೋನ... ತೀನ." ಸರ್ ಎಡಗೈ ಬಲಕ್ಕೆ ಸರಿಯಿತು. ಗೆದ್ದೆನೆಂದು ಬೀಗುವಷ್ಟರಲ್ಲಿ ಅವರು ದ್ರಾಕ್ಷಿಯವರ ಕಡೆ ತಿರುಗಿದರು. "ನೀವೆಲ್ಲಿ ಹೊಂಟ್ರಿ? ಕೂಗಿದ ರವಿವಾರ ಹುಂಡಿಗೆ ಬಿದ್ದಂಗ. ಸೋತಾಂವನೂ ಗೆದ್ದ ಕೆಲಸಕ್ಕ ದುಡೀಬೇಕು. ತಮ್ಮನ್ನೂ ಕರಕೊಂಡ್ ಬರ್ರಿ."

ಮನೆಗೆ ಬಂದು ವಿಜಯವಾರ್ತೆ ತಿಳಿಸಿದೆ. ಹೆಂಡತಿ ಗೋಡೆಯ ಕ್ಯಾಲೆಂಡರ್ ತೆಗೆದು ನನ್ನೆದುರು ಹಿಡಿದಳು. "ನಮ್ಮ ತಂಗಿ ಮದುವಿ ಯಾವ ವಾರ ಐತಿ, ಗೊತ್ತೇನ್ರಿ?" ಎಂದಳು. ಆ ಮದುವೆಯ ಅಕ್ಷತೆಯನ್ನು ನಾನು ಹಾಕಿದ್ದು ದಂಪತಿಗಳು ಸೋಮವಾರ ಕಾಲಿಗೆ ಬಿದ್ದಾಗ.

ಕೆಲಸವೆಂದರೆ ಹೀಗಿತ್ತು. ನಾನು ಅಕ್ಷರ ಬರೆಯುವುದು, ಪಾಲಿಟೆಕ್ನಿಕ್ಕಿನ ಒಬ್ಬ ಲೆಕ್ಚರರು ಪ್ರೋಗ್ರಾಮು ಬರೆಯುವುದು, ದ್ರಾಕ್ಷಿಯವರು ಅದನ್ನು ಕೆಡಿಸುವುದು. ಅವರ ಬೆರಳು ಒಂದು ಕೀ ಒತ್ತಿದರೆ ಪಕ್ಕದ್ದೂ ಇಳಿಯುತ್ತಿತ್ತು, ಕಂಪ್ಯೂಟರು ಕಲ್ಲಾಗುತ್ತಿತ್ತು. "ಬೆಳ್ಳ ಏನ್ರಿ ಅವು, ಬದನಿಕಾಯೇನು?" ಎಂದು ನಾನು ಕೂಗಿದೆ. ಸರ್ ಲೆಕ್ಚರರತ್ತ ನೋಡಿ ಶಾಂತವಾಗಿ ಹೇಳಿದರು, "ಬೆಳ್ಳ ತಿದ್ದಬ್ಯಾಡ್ರಿ, ಪ್ರೋಗ್ರಾಮ್ ತಿದ್ದರಿ." ಆ ಒಂದು ಮಾತಿಗೆ ನಮ್ಮ ಮಳೆಗಾಲವೆಲ್ಲ ಹೋಯಿತು.

ತಿಂಗಳಿಗೊಮ್ಮೆ ಸರ್ ಮುಂದೆ ವಿಚಾರಣೆ. ನಾನು ಪಟ್ಟ ಪಾಡನ್ನು ಸವಿಸ್ತಾರವಾಗಿ ನಿವೇದಿಸುತ್ತಿದ್ದೆ. "ಏನ್ ಮಾಡಿದ್ರಿ ಅಂತ ಕೇಳಿಲ್ಲ. ಏನ್ ಮುಗೀತು?" ಬಳ್ಳಿ, ಹೂವು ಸುತ್ತಿದ ಲಗ್ನಪತ್ರಿಕೆಯ ಅಕ್ಷರಗಳ ಕನಸನ್ನು ಬಿಚ್ಚಿದೆ. "ಭಾಳ ಛಲೋ ಐತಿ. ಮುಂದಿನ ಸವಾಲಿಗೆ ತರ್ರಿ." ಮರಾಠಿಯನ್ನೂ ಸೇರಿಸೋಣವೆಂದೆ. "ಮುಂದಿನ ಸವಾಲು." ಈ ಮನುಷ್ಯನಿಗೆ ನನ್ನ ಪ್ರೆಸ್ಸಿನ ಮೇಲೆ ಹಗೆಯಿದೆಯೆಂದು ನಾನು ಹಲವರಲ್ಲಿ ಆಡಿಕೊಂಡೆ, ಹಲವರೂ ಅದನ್ನು ಅವರಿಗೆ ಮುಟ್ಟಿಸಿದರು. ಮುಂದಿನ ರವಿವಾರ ಸರ್ ಕಡೆಯಿಂದ ನನಗೆ ಎರಡು ಚಹಾ ಬಂದವು. ಶಿಕ್ಷೆಯೋ ಸಮಾಧಾನವೋ ತಿಳಿಯಲಿಲ್ಲ.

ಎರಡನೆಯ ವರ್ಷ ಮುಗಿದಾಗ ಕೆಲವು ಒತ್ತಕ್ಷರಗಳು ಇನ್ನೂ ಮೇಲಿನಕ್ಷರದ ಕಾಲು ತುಳಿಯುತ್ತಿದ್ದವು. ಇನ್ನು ಮೂರೇ ತಿಂಗಳು ಕೊಡಿ ಎಂದು ಸರ್ ಮನೆಯ ಪಡಸಾಲೆಯಲ್ಲಿ ಕೂತು ಬೇಡಿದೆ, ಬೈದೆ, ನನ್ನ ಅಂಗಡಿಯ ಬಾಡಿಗೆಯ ಕಥೆ ಹೇಳಿದೆ.

"ಇಲ್ರಿ. ಎರಡನೇ ಕುಳಿ ಬಿಟ್ರ ಸಿಪ್ಪಿ ಬರತೈತಿ, ಸಕ್ರಿ ಬರೂದಿಲ್ಲ. ಆದಷ್ಟ ಬಿಟ್ಟಕೊಡ್ರಿ. ಏನ್ ಆಗಿಲ್ಲಂತ, ಫ್ಲಾಪಿ ಜೋಡಿ ಕೊಡೂ ಪುಸ್ತಕದ ಮೊದಲನೇ ಪುಟದಾಗನ ಬರೀರಿ."

ಲಗ್ನಪತ್ರಿಕೆಯ ತಲೆಯ ಮೇಲೆ ವಧುವಿನ ಕುಂದುಗಳನ್ನು ಅಚ್ಚು ಹಾಕಿಸಿದಂತಾಯಿತು. ಫ್ಲಾಪಿಗಳು ಅಥಣಿ, ರಾಯಬಾಗ, ಕಾಗವಾಡಗಳಿಗೆ ಹೋದವು. ನಾನು ಸರ್ ಜೊತೆ ಮಾತು ಬಿಟ್ಟೆ. ಒತ್ತಕ್ಷರಗಳನ್ನು ಕೈಯಿಂದಲೇ ಸರಿಸಿ ಜೋಡಿಸುತ್ತ ಆ ವರ್ಷದ ಮದುವೆ ಹಂಗಾಮಿನ ಮೊದಲ ಪತ್ರಿಕೆಗಳನ್ನು ಅಚ್ಚು ಹಾಕಿದೆ. ಅಂಗಡಿಯ ಬಾಗಿಲು ತೆರೆದೇ ಉಳಿಯಿತು.

ಹಂಗಾಮು ನಡೆದಿರುವಾಗಲೇ ಅಥಣಿ ಬಸ್ಸಿನ ಕಂಡಕ್ಟರು ಒಂದು ಫ್ಲಾಪಿ ತಂದುಕೊಟ್ಟ. ಅಲ್ಲಿಯ ಯಾವುದೋ ಪ್ರೆಸ್ಸಿನವನು, ನಾನು ಮುಖವನ್ನೇ ನೋಡದವನು, ನಮ್ಮ ಮೊದಲ ಪುಟ ಓದಿ ಆ ಒತ್ತಕ್ಷರಗಳನ್ನೆಲ್ಲ ನೇರ ಮಾಡಿ ಕಳಿಸಿದ್ದ. ಮಾತು ಬಿಟ್ಟವರ ಮನೆಗೆ ಫ್ಲಾಪಿ ಹಿಡಿದು ಹೋಗುವುದು ಸುಲಭವಲ್ಲ. ಆದರೂ ಹೋದೆ. ಸರ್ ನೋಡಿದರು. "ನೀವು ಎಲ್ಲಾ ಮುಗಿಸಿ ಕೊಟ್ಟಿದ್ರ ಆ ಹುಡುಗಗ ಏನ್ ಕೆಲಸ ಇರ್ತಿತ್ತು?" ಎಂದರು. ನನಗೆ ಮತ್ತೆ ಸಿಟ್ಟು ಬಂತು. ಆದರೆ ಚಹಾ ಕುಡಿದೇ ಬಂದೆ.

ಮುಂದಿನ ಸವಾಲಿನಲ್ಲಿ ದ್ರಾಕ್ಷಿ ಗೆದ್ದಿತು. ಸೋತವನು ನಾನು, ಹೂಬಳ್ಳಿಯ ಅಕ್ಷರಕ್ಕೆ ಕೂಗಿ. ಆದ್ದರಿಂದ ನಾನೂ ದುಡಿಯಬೇಕಾಯಿತು. ಆ ಸಲ ಸರ್ ತಾವೂ ಕೂಗಿದರು, ಈ ವಯಸ್ಸಿನಲ್ಲಿ ಬೇಡವೆಂದು ನಾವು ಹೇಳಿದರೂ ಕೇಳದೆ ಎರಡು ವರ್ಷದ ರವಿವಾರಗಳನ್ನೆಲ್ಲ ಕೂಗಿದರು. ಬೆಳಗಿನ ಬಸ್ಸಿಗೆ ಮಂಗಸೂಳಿಗೆ ಹೋಗಿ, ತೋಟದಲ್ಲಿ ಥರ್ಮಾಮೀಟರ್ ನೋಡಿ ಬರೆದುಕೊಳ್ಳುವುದು ಅವರ ಪಾಲು. ಬಳ್ಳಿ ಕತ್ತರಿಸುವ ಮೊದಲ ಚಾಟನಿ ಮುಗಿಯುವ ಮುನ್ನವೇ ಅವರಿಗೆ ಎದೆನೋವು ಬಂತು. ಮೀರಜದ ಆಸ್ಪತ್ರೆಯಲ್ಲಿ ನೋಡಹೋದವರನ್ನು ಅವರು ಕೇಳಿದ್ದು ತೋಟದ ಥಂಡಿಯ ವಿಷಯ. ಎಂಟು ದಿನದಲ್ಲಿ ಹೋಗಿಬಿಟ್ಟರು.

ದಿನಕರ್ಮಗಳು ಮುಗಿದ ಮೇಲಿನ ರವಿವಾರ ಮತ್ತೆ ಕ್ಲಾಸಿನಲ್ಲಿ ಸೇರಿದೆವು. ದ್ರಾಕ್ಷಿಯವರು ಕೆಮ್ಮಿದರು. "ಸರ್ ಕೂಗಿದ ರವಿವಾರ ಭಾಳ ಬಾಕಿ ಉಳದಾವ್ರಿ. ಯಾರ್ ಕೊಡೋರು?"

ಆ ಹೊತ್ತಿನಲ್ಲಿ ಕೇಳುವ ಮಾತೇ ಅದು? ನಾನು ಬಾಯಿಗೆ ಬಂದಂತೆ ಬೈದೆ. ಬೈದು ಮುಗಿಸಿದಾಗ, ಕೊಡುತ್ತೇನೆಂದೂ ಹೇಳಿಯಾಗಿತ್ತು.

ಎರಡು ವರ್ಷ ತುಂಬುವವರೆಗೆ ಆ ಮಂಗಸೂಳಿ ಬಸ್ಸಿನ ಧೂಳು ಕುಡಿದೆ. ಕೊನೆಯ ತಿಂಗಳು ಪ್ರೋಗ್ರಾಮು ಇನ್ನೂ ಮಳೆಯ ಲೆಕ್ಕದಲ್ಲಿ ಎಡವುತ್ತಿತ್ತು. ಲೆಕ್ಚರರು ತಲೆ ಕೆರೆದುಕೊಂಡು, ಇನ್ನು ಸ್ವಲ್ಪ ಗಡುವು ಬೇಕಲ್ಲ ಎಂದರು. ಸರ್ ಬದುಕಿದ್ದರೆ ಆ ಪಡಸಾಲೆಗೆ ಹೋಗಿ ಜಗಳವಾಡಬಹುದಿತ್ತು, ಬೇಡಬಹುದಿತ್ತು, ಮಾತು ಬಿಡಬಹುದಿತ್ತು. ಈಗ ಯಾರನ್ನು ಕೇಳುವುದು? ದ್ರಾಕ್ಷಿಯವರು ಖಾಲಿ ಹಾಳೆಗಳನ್ನು ನನ್ನ ಕಡೆ ಸರಿಸಿದರು. ನಾನು ಪೆನ್ನು ತೆಗೆದು, ಮೊದಲನೆಯ ಪುಟದಲ್ಲಿ, ಏನೇನು ಆಗಿಲ್ಲವೆಂದು ಬರೆಯತೊಡಗಿದೆ.