ಆರ್ಕಿಡ್ಡಿನ ಬೇರಿಗೆ ಕಟ್ಟಿದ ಮದ್ದು

ಲೊಡ್, ಲೊಡ್, ಲೊಡ್. ನಾನು ಸೊಸೆಯಾಗಿ ಬಂದ ಮನೆಯಲ್ಲಿ ಬೆಳಗಾಗುತ್ತಿದ್ದುದು ಈ ಸದ್ದಿನಿಂದ. ಕೋಳಿ ಕೂಗುತ್ತಿದ್ದುದು ಆಮೇಲೆ. ಮಾವನವರು ಏಣಿ ಹತ್ತಿ ಅಟ್ಟಕ್ಕೆ ಹೋಗಿ, ತಿಂಗಳುಗಟ್ಟಲೆ ಒಣಗುತ್ತ ಬಿದ್ದಿದ್ದ ತೆಂಗಿನಕಾಯಿಗಳನ್ನು ಒಂದೊಂದಾಗಿ ಎತ್ತಿ, ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುವರು. ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿದ್ದರೆ ಹಾಗೆ ಸದ್ದಾಗುತ್ತದೆ. ಇದು ತಿಪಟೂರು ಸೀಮೆಯ ಎಳೆ ಮಕ್ಕಳಿಗೂ ಗೊತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಪಿಯಾನೊ ಕೇಳಿಕೊಂಡು ಬೆಳೆದ ನನಗೆ ಗೊತ್ತಿರಲಿಲ್ಲ. ಮೊದಲ ದಿನ, ತಲೆಯ ಮೇಲೆ ಯಾರೋ ಮೂಳೆ ಆಡಿಸುತ್ತಿದ್ದಾರೆಂದು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಿದ್ದೆ.

ಹೇಳಿಬಿಡುತ್ತೇನೆ, ನಾನು ಹುಟ್ಟು ಪುಕ್ಕಲಿ. ಹಲ್ಲಿ, ಗುಡುಗು, ಟೆಲಿಗ್ರಾಮು, ಕಾರಿಡಾರಿನಲ್ಲಿ ಸಿಸ್ಟರುಗಳ ಬೂಟಿನ ಸಪ್ಪಳ, ಎಲ್ಲಕ್ಕೂ ಹೆದರಿದವಳು. ಆದರೆ ಜೀವಮಾನದಲ್ಲಿ ಅತಿ ಹೆಚ್ಚು ಹೆದರಿದ್ದು ಯಾವುದಕ್ಕೆ ಎಂದರೆ, ನೀವು ನಗಬಾರದು, ಒಂದು ಎಲೆಗೆ. ದಪ್ಪನೆಯ, ದೋಣಿಯಂತೆ ಬಾಗಿದ ಹಸಿರು ಎಲೆ. ಅದನ್ನು ದಿನಾ ಬೆಳಗಿನ ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

ಎಲೆ ಡೊರೋತಿಯ ಗಿಡದ್ದು. ಡೊರೋತಿ ಕಾನ್ವೆಂಟಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ಬೆಂಗಳೂರಿನ ಆಂಗ್ಲೋ-ಇಂಡಿಯನ್ ಹುಡುಗಿ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವಳ ತಾಯಿ ತೀರಿಕೊಂಡರು. ದೊಡ್ಡ ಕಾಂಪೌಂಡಿನ ಮನೆ ಮಾರಿದ ಮೇಲೆ, ಆಸ್ಟ್ರೇಲಿಯಾಕ್ಕೆ ಹೋಗುವ ಪೇಪರುಗಳು ಬರುವವರೆಗೆ ಅವಳು ಒಂದು ಬಾಡಿಗೆ ರೂಮು ಸೇರಿದಳು. ಅಲ್ಲಿ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ತಾಯಿ ಸಾಕಿದ್ದ ಆರ್ಕಿಡ್ ಗಿಡಗಳನ್ನೆಲ್ಲ ಟ್ಯಾಕ್ಸಿಯಲ್ಲಿ ತುಂಬಿ ತುರುವೇಕೆರೆಯ ಹತ್ತಿರದ ನಮ್ಮೂರಿಗೆ ತಂದಳು. ಸರೋಜಾ ಎಂಬ ನನ್ನ ಹೆಸರನ್ನು ಅವಳು ಮೊದಲಿನಿಂದಲೂ ಸಾರೋ ಎಂದೇ ಕತ್ತರಿಸಿದ್ದಳು. "ಸಾರೋ, ನಿನ್ನ ಹತ್ತಿರ ನೆರಳಿದೆ, ಮರಗಳಿವೆ. ಇವಕ್ಕೆ ಅಷ್ಟು ಸಾಕು" ಎಂದಳು. ಗಿಡಗಳಲ್ಲಿ ಒಂದನ್ನು ಮಾತ್ರ ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಕ್ಯಾಟ್ಲಿಯಾ ಅದರ ಹೆಸರು. ಅವಳ ತಾಯಿ ಮದುವೆಯ ದಿನ ಗೌನಿಗೆ ಚುಚ್ಚಿಕೊಂಡ ಹೂವು ಅದೇ ಗಿಡದ್ದಂತೆ. ವಿಮಾನ ಹತ್ತುವ ಮೊದಲು ಬಂದು ಅದರ ಒಂದು ತುಂಡನ್ನು ಕೊಂಡೊಯ್ಯುತ್ತೇನೆ, ಹೊಸ ಮನೆಯಲ್ಲಿ ಮಮ್ಮಿಯದು ಅಂತ ಅದೊಂದಿರಲಿ ಎಂದಳು. ಅಲ್ಲಿಯವರೆಗೆ ಅದನ್ನು ಬದುಕಿಸಿಡುವುದು ನನ್ನ ಪಾಲಿಗೆ ಬಂದ ಕೆಲಸ.

ನಮ್ಮ ಕಡೆ ಆರ್ಕಿಡ್ ಬೆಳೆಸುವುದು ಸುಲಭ, ವಿವರಿಸುವುದು ಕಷ್ಟ. ತೆಂಗಿನ ಮಟ್ಟೆಯ ಮೇಲೆ ಗಿಡವನ್ನು ಕೂರಿಸಿ, ನಾರಿನ ಹುರಿಯಿಂದ ಹಿತ್ತಲ ಮರಗಳಿಗೆ ಕಟ್ಟಿದರೆ ಆಯಿತು. ಬೇರುಗಳು ಗಾಳಿಯಲ್ಲೇ ಇಳಿಬಿದ್ದು ಹಾಯಾಗಿರುತ್ತವೆ. ಆದರೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಬಿಡಬೇಕಲ್ಲ. ತಿನ್ನಕ್ಕೆ ಬತ್ತದಾ ಎಂದು ಕೇಳುವರು, ಇಲ್ಲ ಎನ್ನುವೆ. ಪೂಜೆಗೆ ಆಯ್ತದಾ, ಅದೂ ಗೊತ್ತಿಲ್ಲ ಎನ್ನುವೆ. ಆಮೇಲೆ ಅವರು ನನ್ನನ್ನೇ ನೋಡುವರು, ಇವಳಾದರೂ ಯಾವುದಕ್ಕೆ ಬರುತ್ತಾಳೆ ಎಂಬಂತೆ. ಆರ್ಕಿಡ್ ಎಂಬ ಪದದ ಅರ್ಥ ಕೇಳದಿದ್ದುದು ಪುಣ್ಯ. ಗ್ರೀಕರು ಗಂಡಸರ ಯಾವ ಅಂಗದ ಹೆಸರನ್ನು ಈ ಹೂವಿಗಿಟ್ಟರೆಂದು ದೊಡ್ಡ ಡಿಕ್ಷನರಿಯಲ್ಲಿ ಓದಿದ ದಿನವೇ, ಬಾಟನಿ ಸಿಸ್ಟರು ಆ ಪಾಠದ ಪುಟವನ್ನು ಅಷ್ಟು ಬೇಗ ಯಾಕೆ ತಿರುವಿದರೆಂದು ನನಗೆ ತಿಳಿದದ್ದು.

ಗ್ರಹಚಾರ ಬಂದದ್ದು ಬೆಂಗಳೂರಿನ ನರ್ಸರಿಯೊಂದರಿಂದ ನಾನೇ ತಂದ ಹೊಸ ಆರ್ಕಿಡ್ಡಿನ ರೂಪದಲ್ಲಿ. ತಂದ ಸ್ವಲ್ಪ ದಿನಕ್ಕೆ ಅದರ ಎಲೆಗಳಲ್ಲಿ ಹಳದಿ ಮಚ್ಚೆಗಳು ಕಂಡವು. ಬಿಸಿಲು ಹೆಚ್ಚಾಯಿತೇನೋ ಎಂದುಕೊಂಡು ನಾನು ಅದನ್ನು ಇನ್ನಷ್ಟು ನೆರಳಿಗೆ ಸರಿಸಿ, ತವರಿಗೆ ಹೋದೆ. ನಾನಿಲ್ಲದಾಗ ಮಾವನವರು ಗಿಡವನ್ನು ನೋಡಿದರು. ನೋಡಿ ಸುಮ್ಮನಿರುವ ಜಾಯಮಾನ ಅವರದಲ್ಲ.

ಇಲ್ಲಿ ತೆಂಗಿನ ವೈದ್ಯದ ಬಗ್ಗೆ ಎರಡು ಮಾತು ಹೇಳಬೇಕು. ಮರಕ್ಕೆ ಕಾಯಿಲೆಯಾದರೆ ಬುಡ ಅಗೆದು, ಪೆನ್ಸಿಲ್ ಗಾತ್ರದ ಎಳೆ ಬೇರನ್ನು ಹುಡುಕಿ, ತುದಿಯನ್ನು ಓರೆಯಾಗಿ ಕೊಯ್ದು, ಔಷಧಿಯಿರುವ ಪ್ಲಾಸ್ಟಿಕ್ ಚೀಲದೊಳಗೆ ಅದ್ದಿ ಕಟ್ಟುವ ಕ್ರಮ ಆಗ ನಮ್ಮ ಕಡೆ ಹೊಸದಾಗಿ ಬಂದಿತ್ತು. ಮಗು ಹಾಲು ಕುಡಿದಂತೆ ಮರ ಅದನ್ನು ಕುಡಿಯುತ್ತದೆ. ಒಂದು ಮರಕ್ಕೆ ಬಂದರೆ ಪಕ್ಕದ ಮರಗಳಿಗೂ ಮುಂಚಿತವಾಗಿ ಕಟ್ಟಿಬಿಡುತ್ತಾರೆ. ಜಾಣ ಬೇಸಾಯಗಾರನ ಲಕ್ಷಣ ಅದು. ಮಾವನವರು ಜಾಣ ಬೇಸಾಯಗಾರರು.

ನಾನು ತವರಿನಿಂದ ಬಂದು ಹಿತ್ತಲಿಗೆ ಕಾಲಿಟ್ಟರೆ, ಪ್ರತಿಯೊಂದು ಆರ್ಕಿಡ್ಡಿನ ಬೇರಿಗೂ ಒಂದೊಂದು ಪುಟ್ಟ ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು. ಜನರಲ್ ವಾರ್ಡಿನಲ್ಲಿ ಡ್ರಿಪ್ ಹಾಕಿದ ಹಾಗೆ. ಮಾವನವರ ಮುಖ ಅರಳಿತ್ತು.

"ಎಲ್ಲಕ್ಕೂ ಕಟ್ಟೀನಿ ಕಣವ್ವ. ಕೂಸಿಗೆ ಕೊಡಂಗೆ ತೆಳ್ಳಗೆ ಮಾಡಿ ಕಟ್ಟೀನಿ. ನಮ್ಮ ತೆಂಗಿನಂಗೆ ಅಗೆದು ಹುಡುಕಂಗೇ ಇಲ್ಲ, ಪಾಪ, ತಾವೇ ಕೈ ಚಾಚ್ಕಂಡವೆ."

ಅಷ್ಟು ಪ್ರೀತಿಯಿಂದ ಮಾಡಿದ್ದನ್ನು ಏನೆನ್ನಲಿ? ನಕ್ಕೆ. ನಮ್ಮನೆಯವರಂತೂ ಹಿತ್ತಲಿಗೆ ಹೋಗುವಾಗಲೆಲ್ಲ ವಿಸಿಟಿಂಗ್ ಅವರ್ಸ್ ಎಷ್ಟೊತ್ತಿಗೆ ಎಂದು ಕೇಳತೊಡಗಿದರು. ಆ ನಗು ಒಂದು ಮಳೆಗಾಲ ಇತ್ತು. ಮಳೆ ನಿಲ್ಲುತ್ತಿದ್ದಂತೆ ಗಿಡಗಳ ಎಲೆಯಲ್ಲಿ ಒಂದೊಂದಾಗಿ ಅದೇ ಹಳದಿ ಮಚ್ಚೆ ಮೂಡಿತು. ಮಚ್ಚೆಯ ನಡುವೆ ಕಪ್ಪು ಗುಳಿ ಬಿತ್ತು.

ಆ ದಿನಗಳಲ್ಲಿ ತೆಂಗಿನ ಕಾಯಿಲೆ ನೋಡಲು ಬೆಂಗಳೂರಿನಿಂದ ಒಬ್ಬ ಸಸ್ಯರೋಗದ ಮೇಷ್ಟ್ರು ನಮ್ಮ ಕಡೆ ಓಡಾಡುತ್ತಿದ್ದರು. ಮಾವನವರೇ ಅವರನ್ನು ಊಟಕ್ಕೆ ಕರೆದರು. ಕೈ ತೊಳೆಯಲು ಹಿತ್ತಲಿಗೆ ಬಂದವರು ಹಾಗೇ ನಿಂತು, ಒಂದು ಎಲೆಯನ್ನು ಬಿಸಿಲಿಗೆ ತಿರುಗಿಸಿ ನೋಡಿದರು. ಇದು ವೈರಸ್ ಅಮ್ಮಾ, ಇದಕ್ಕೆ ಔಷಧಿಯಿಲ್ಲ, ಗಿಡ ಬದುಕಿರುವವರೆಗೂ ಅದರ ರಸದಲ್ಲಿರುತ್ತದೆ, ಮಚ್ಚೆ ಬಂದವನ್ನೆಲ್ಲ ಸುಟ್ಟುಬಿಡಿ ಎಂದು, ಉಪ್ಪಿನಕಾಯಿ ಚೆನ್ನಾಗಿದೆ ಎನ್ನುವ ಧ್ವನಿಯಲ್ಲೇ ಹೇಳಿದರು. ಆಮೇಲೆ ಬೇರಿನ ತುದಿ ನೋಡಿ, ಇವಕ್ಕೆ ಚಾಕು ಹಾಕಿದವರು ಯಾರು ಎಂದು ಕೇಳಿದರು.

"ನಾನೇ ಕಣ್ರೀ," ಎಂದರು ಮಾವನವರು. "ಒಂದೊಂದು ಗಿಡ ಆದಂಗೂ ಪಂಚೆಗೆ ಒರೆಸ್ಕಂಡೇ ಕುಯ್ದಿದ್ದು."

ಒರೆಸಿದರೆ ಸಾಲದು ಯಜಮಾನರೇ, ಒಂದರ ರಸ ಇನ್ನೊಂದಕ್ಕೆ ತಾಗಿದರೆ ಮುಗಿಯಿತು ಎಂದು ಮೇಷ್ಟ್ರು ಮೃದುವಾಗಿಯೇ ವಿವರಿಸಿದರು. ಮಾವನವರು ಸೊಂಟದಿಂದ ಮಡಿಸುವ ಚಾಕು ತೆಗೆದು, ಅದರ ಎರಡೂ ಬದಿ ತಿರುಗಿಸಿ ನೋಡಿ, ಮತ್ತೆ ಇಟ್ಟುಕೊಂಡರು. ಅಂದು ಅವರು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಕ್ಯಾಟ್ಲಿಯಾದ ಎಲೆಯಲ್ಲಿ ಮಾತ್ರ ಏನೂ ಇರಲಿಲ್ಲ. ಆದರೆ ಚಾಕು ಅದಕ್ಕೂ ತಾಗಿತ್ತು. ಎಲೆಯನ್ನು ನಂಬಬೇಡಿ, ಈ ಜಾತಿಯಲ್ಲಿ ರೋಗ ಒಳಗೇ ಅಡಗಿರಬಹುದು ಎಂದರು ಮೇಷ್ಟ್ರು. ಹೂ ಬಿಡಲಿ, ಹೂವು ಅರಳಿ ಒಂದು ವಾರ ಕಳೆಯಲಿ, ದಳದ ನರಗಳ ಗುಂಟ ಕಂದು ಗೆರೆ ಬಂದರೆ ಮುಗಿಯಿತು, ಅಲ್ಲಿಯವರೆಗೆ ದೂರವಿಡಿ ಎಂದು ಹೇಳಿ ಹೊರಟರು. ಉಳಿದವನ್ನು ಮಟ್ಟೆಯ ಬೆಂಕಿಗೆ ಹಾಕಿದೆವು. ಆರ್ಕಿಡ್ ಬೇಗ ಸುಡುವುದಿಲ್ಲ. ಒಳಗೆ ನೀರು ತುಂಬಿಕೊಂಡ ದಂಟುಗಳು ಸುಯ್ಯೆಂದು ಬಹಳ ಹೊತ್ತು ಶಿಳ್ಳೆ ಹಾಕಿದವು. ನಾನು ಒಳಗೆ ಹೋಗಿ ರೇಡಿಯೋ ಹಾಕಿಕೊಂಡೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಭಯದ ಸಂಸಾರ. ಕ್ಯಾಟ್ಲಿಯಾವನ್ನು ಬಚ್ಚಲ ಗೋಡೆಯ ಆಚೆ ಒಂಟಿಯಾಗಿ ನೇತುಹಾಕಿದೆ, ಫುಲ್ ಕ್ವಾರಂಟೈನ್. ಅದಕ್ಕೆ ನೀರು ಹಾಕುವ ಮುಂಚೆ ಸೋಪು, ಹಾಕಿದ ಮೇಲೆ ಸೋಪು. ಎಲೆಯನ್ನು ನಂಬಬೇಡಿ ಎಂದಿದ್ದರೂ ದಿನಾ ಬೆಳಿಗ್ಗೆ ಅದನ್ನೇ ತಿರುಗಿಸಿ ನೋಡುವುದು. ಕತ್ತರಿಯನ್ನು ಇಡ್ಲಿ ಪಾತ್ರೆಯಲ್ಲಿ ಬೇಯಿಸಿದೆನೆಂದು ಮನೆಯಲ್ಲಿ ಆ ದಿನ ಯಾರೂ ಇಡ್ಲಿ ಮುಟ್ಟಲಿಲ್ಲ. ವೈರಸ್ ಎಂಬ ಲ್ಯಾಟಿನ್ ಪದವೂ ನಮ್ಮ ವಿಷವೂ ಒಂದೇ ಮೂಲದವಂತೆ, ಡಿಕ್ಷನರಿ ಹೇಳಿತು. ಡಿಕ್ಷನರಿಯಿಂದ ಯಾರಿಗೂ ಧೈರ್ಯ ಬಂದದ್ದು ನಾನು ಕಾಣೆ. ಹಿಂದೆ ಹಾಲೆಂಡಿನಲ್ಲಿ ಜನ ಹುಚ್ಚರಂತೆ ಆಸೆಪಟ್ಟು ಕೊಂಡ ಪಟ್ಟೆಪಟ್ಟೆ ಟ್ಯೂಲಿಪ್ಪುಗಳು, ಆ ಪಟ್ಟೆಗಳೇ ವೈರಸ್ಸಿನ ಕೆಲಸವಂತೆ. ಅದನ್ನೋದಿದ ಮೇಲೆ ಚೆಂದದ ಹೂವನ್ನು ಕಂಡರೂ ದೂರ ಸರಿಯತೊಡಗಿದೆ. ಸೀರೆಯ ಅಂಗಡಿಯಲ್ಲಿ ಗೆರೆಯ ಸೀರೆ ಬೇಡ ಎಂದೆ.

ಮಾವನವರ ಭಯ ಬೇರೆ. ಈ ಕಾಯಿಲೆ ತೆಂಗಿಗೆ ಬರುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರೂ ಅವರು ದಿನಾ ಮಧ್ಯಾಹ್ನ ತೋಟದಲ್ಲಿ ಕತ್ತು ಎತ್ತಿ ಸುಳಿ ನೋಡುತ್ತ ನಿಲ್ಲುವರು. ನಾನು ಸಮಾಧಾನ ಹೇಳಿದರೆ, "ಆವಪ್ಪ ಹೇಳ್ಬುಟ್ಟು ಬಸ್ಸು ಹತ್ತಿ ಹೋದ ಕಣವ್ವ. ಮರಕ್ಕೆ ಬಸ್ಸು ಹತ್ತಕ್ಕಾಗ್ತದಾ?" ಎನ್ನುವರು. ಒಂದು ಬೆಳಿಗ್ಗೆ ನೋಡಿದರೆ ಕ್ಯಾಟ್ಲಿಯಾದ ಮೇಲೆ ಬೇವಿನ ಸೊಪ್ಪಿನ ಕಟ್ಟೊಂದು ತೂಗುತ್ತಿತ್ತು, ಸಿಡುಬು ಬಂದ ಮನೆಯ ಬಾಗಿಲಿಗೆ ಕಟ್ಟುತ್ತಿದ್ದ ಹಾಗೆ. ಒಣಗಿದಾಗ ಯಾರೋ ಬದಲಾಯಿಸುತ್ತಿದ್ದರು. ಒಂದೆರಡು ಸಲ ನಾನೇ ಬದಲಾಯಿಸಿದೆ.

ಅಂತೂ ಮೊಗ್ಗು ಬಂತು. ಅದೇ ವಾರ ಡೊರೋತಿಯ ಪೇಪರುಗಳೂ ಬಂದವು. ಬರುತ್ತಿದ್ದೇನೆ, ಮಮ್ಮಿಯ ಗಿಡದ ತುಂಡು ರೆಡಿ ಮಾಡಿಡು ಎಂದು ಬರೆದಳು. ಅವಳು ಬಂದ ದಿನ ಹೂವು ಅರಳಿ ಇನ್ನೂ ಎರಡೇ ದಿನವಾಗಿತ್ತು. ಅಂಗೈಯಗಲದ ನೇರಳೆ ಹೂವು, ಅಂಚೆಲ್ಲ ನೆರಿಗೆ, ಕೊರಳಲ್ಲಿ ಚಿನ್ನದ ಬಣ್ಣ. ನಾನು ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಕಲೆಯಿಲ್ಲ. ಆದರೆ ಕಲೆ ಬರುವ ದಿನವೂ ಆಗಿರಲಿಲ್ಲವಲ್ಲ.

ಡೊರೋತಿ ಹೂವಿನ ಮುಂದೆ ಮೊಣಕಾಲೂರಿ ಕೂತುಬಿಟ್ಟಳು. ಆಮೇಲೆ ಬ್ಯಾಗಿನಿಂದ ತೇವದ ಬಟ್ಟೆ, ಪ್ಲಾಸ್ಟಿಕ್ ಹಾಳೆ ಎಲ್ಲ ತೆಗೆದು ಜೋಡಿಸಿಕೊಂಡಳು. ಕೊಟ್ಟರೆ, ಅವಳ ಹೊಸ ತೋಟಕ್ಕೆ ಅವಳ ಕೈಯಿಂದಲೇ ವಿಷ ಕಳಿಸಿದ ಹಾಗೆ. ಕೊಡದಿದ್ದರೆ, ತಾಯಿಯದೆಂದು ಅವಳಿಗೆ ಉಳಿದದ್ದು ಇದೊಂದೇ. ಪಡಸಾಲೆಯಲ್ಲಿ ಕೂತಿದ್ದ ಮಾವನವರು ಎದ್ದು ಬಂದರು.

"ಅದನ್ನ ಕೊಡಂಗಿಲ್ಲ ಕಣವ್ವ. ನನ್ನ ಚಾಕು ಸೋಕೈತೆ. ಒಳ್ಳೇದಾಗ್ಲಿ ಅಂತ್ಲೇ ಮಾಡ್ದೆ. ಈಗ ಅದು ಚೆಂದಾಗಿ ಕಾಣ್ತೈತೆ, ನಾಳೆ ಏನೋ ಗೊತ್ತಿಲ್ಲ."

ಬೆಂಗಳೂರಿನಲ್ಲಿ ಹುಟ್ಟಿದ ಡೊರೋತಿಗೆ ಕನ್ನಡ ಅರ್ಥವಾಗುತ್ತಿತ್ತು. ಅರ್ಥವಾಗದ ಭಾಗವನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಬೇರು, ಚೀಲ, ಮೇಷ್ಟ್ರು, ಕಂದು ಗೆರೆ. ಅವಳು ತೇವದ ಬಟ್ಟೆಯನ್ನು ಹಿಂಡಿ, ಮಡಿಸಿ, ಬ್ಯಾಗಿಗೆ ಹಾಕಿದಳು. ಆಮೇಲೆ ಮಾವನವರ ಕಡೆ ಕೈ ಚಾಚಿ, "ಚಾಕು ತೆಗೀರಿ ತಾತ. ಗಿಡ ಬೇಡ. ಹೂವಾದರೂ ಕೊಯ್ದು ಕೊಡಿ" ಎಂದಳು.

ಅವರು ನನ್ನ ಮುಖ ನೋಡಿದರು. ನಾನು ಹೂಂ ಎಂದು ತಲೆಯಾಡಿಸಿದೆ. ಅಷ್ಟು ತೆಂಗಿನ ಬೇರು ಕೊಯ್ದ ಆ ಕೈ ಒಂದು ಹೂವಿನ ತೊಟ್ಟಿಗೆ ಎರಡು ಸಲ ಚಾಕು ಇಟ್ಟು ಎರಡು ಸಲವೂ ತೆಗೆಯಿತು. ಮೂರನೆಯ ಸಲ ಕೊಯ್ದರು. ನನ್ನ ಸೀರೆಯ ಪಿನ್ನು ಬಿಚ್ಚಿ ಹೂವನ್ನು ಡೊರೋತಿಯ ಕಾಲರಿಗೆ ಚುಚ್ಚಿದೆ. ತಾನು ಬಸ್ಸು ಹತ್ತುವವರೆಗೆ ಮಾತ್ರ ಗಿಡವನ್ನು ಇಟ್ಟಿರಿ, ಆಮೇಲೆ ಸುಟ್ಟುಬಿಡಿ ಎಂದಳು ಅವಳು. ಇದ್ದ ಒಂದು ಹೂವೂ ಹೋದ ಮೇಲೆ ಗೆರೆ ನೋಡಿ ತಿಳಿಯುವ ದಾರಿಯಿರಲಿಲ್ಲ. ಮಾರನೆಯ ದಿನ ಮಾವನವರೇ ಅದನ್ನು ಸುಟ್ಟರು, ಬೇವಿನ ಸೊಪ್ಪಿನ ಸಮೇತ. ಅದಕ್ಕೆ ರೋಗವಿತ್ತೋ ಇಲ್ಲವೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಡೊರೋತಿಯನ್ನು ನಾನು ಕೊನೆಯ ಸಲ ನೋಡಿದ್ದು ಹೂವು ಕೊಯ್ದ ದಿನದ ಸಂಜೆ, ಕಿಬ್ಬನಹಳ್ಳಿ ಕ್ರಾಸಿನಲ್ಲಿ. ಬೆಂಗಳೂರಿನ ಬಸ್ಸು ಎಳನೀರಿನವರ ನಡುವೆ ಸ್ವಲ್ಪ ಹೊತ್ತು ನಿಂತಿತ್ತು. ಅವಳು ಕಿಟಕಿಯ ಪಕ್ಕ ಕೂತು ಏನೇನೋ ಹೇಳುತ್ತಿದ್ದಳು. ನಾನು ಕೆಳಗೆ ನಿಂತು ಹೂವನ್ನು ನೋಡುತ್ತಿದ್ದೆ. ಎಡದ ದಳ, ಬಲದ ದಳ, ನೆರಿಗೆಯ ಸಂದು, ಎಲ್ಲಾದರೂ ಕಂದು ಗೆರೆ ಎದ್ದಿತೇನೋ ಎಂದು. ಬಸ್ಸು ಕದಲಿದಾಗ ಅವಳು ಬಗ್ಗಿ, "ಸಾರೋ, ಮೇಲೆ ನೋಡೇ, ನಾನು ಇಲ್ಲಿದ್ದೀನಿ" ಎಂದಳು. ಕತ್ತು ಎತ್ತುವಷ್ಟರಲ್ಲಿ ಧೂಳು.

ಆ ಹೂವಿನ ಒಂದೊಂದು ನರವನ್ನೂ ಈಗಲೂ ಬರೆದು ತೋರಿಸಬಲ್ಲೆ. ಒಂದು ಕಲೆಯೂ ಇರಲಿಲ್ಲ. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಎಂದು ಮಾತ್ರ ಕೇಳಬೇಡಿ.