ಎಡಪಕ್ಕೆಯ ವಿಭೂತಿ

ಜಗದಾಂಬಮ್ಮನಿಗೆ ಬಸ್ಸು ಕಂಡರೆ ಆಗುತ್ತಿರಲಿಲ್ಲ. ಹತ್ತಿ ಕೂತರೆ ಸಾಕು, ಹೊಟ್ಟೆ ತೊಳೆಸಿ ಬರುತ್ತಿತ್ತು. ಅಂಥವಳನ್ನು ಆ ಶಿವ ಎರಡು ವರ್ಷ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಅಲೆಸಿದ. ಮೂಗಿಗೆ ನಿಂಬೆಹಣ್ಣು ಹಿಡಿದು ಕಿಟಕಿ ಪಕ್ಕ ಕೂರುವುದು, ಮಾಚೇನಹಳ್ಳಿಯ ಬಯಲು ಬಂದಾಗ ಕಣ್ಣು ಮುಚ್ಚುವುದು, ತುಂಗೆಯ ಸೇತುವೆ ಮೇಲೆ ಬಸ್ಸು ಗಡಗಡ ಎಂದಾಗ ಕಣ್ಣು ಬಿಡುವುದು, ಇಷ್ಟೇ ಅವಳ ಪ್ರಯಾಣ. ಪಕ್ಕದಲ್ಲಿ ಗಂಡ ಉಜ್ಜನಪ್ಪ. ಕಾಯಿಲೆ ಅವನದು, ವಾಂತಿ ಇವಳದು.

"ಡಾಕ್ಟ್ರು ಒಂದಿನ ನಿನ್ನನ್ನೇ ಮಲಗಿಸಿ ಸೂಜಿ ಚುಚ್ತಾರೆ ನೋಡು ಮಾರಾಯ್ತಿ," ಎಂದು ಅವನು ನಗುತ್ತಿದ್ದ.

"ಚುಚ್ಚಲಿ ಬಿಡ್ರಿ. ನಿಮಗೆ ಚುಚ್ಚೋದು ನೋಡೋದಕ್ಕಿಂತ ವಾಸಿ," ಎನ್ನುತ್ತಿದ್ದಳು ಇವಳು.

ಉಜ್ಜನಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ದುಡಿದವನು. ಕೆಂಡದ ಝಳಕ್ಕೆ ಮುಖ, ತೋಳು ಕಪ್ಪಿಟ್ಟಿದ್ದರೂ ಮೈಗಟ್ಟು ಚೆನ್ನಾಗಿತ್ತು. ಸಾವಿರದ ಒಂಬೈನೂರ ಅರವತ್ತೊಂದರ ಬೇಸಗೆಯಲ್ಲಿ ಅದೇನು ಬಡಿಯಿತೋ, ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಬೆವರು, ಎರಡು ತುತ್ತಿಗೇ ಹೊಟ್ಟೆ ತುಂಬಿತು ಎನ್ನುವುದು. ಎಡಪಕ್ಕೆಯ ಕೆಳಗೆ ಏನೋ ಗಟ್ಟಿಯಾಗಿ ಕೂತು ಪಂಚೆ ಕಟ್ಟಲು ಬಿಡುತ್ತಿರಲಿಲ್ಲ. ಜಗದಾಂಬಮ್ಮ ಮೊದಲು ಗಂಡನನ್ನೇ ಬೈದಳು, ಕ್ಯಾಂಟೀನಿನ ಬೋಂಡಾ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದಾನೆ ಎಂದು. ಬೈಗುಳದಲ್ಲಿ ನ್ಯೂಟೌನಿನ ಆ ಕ್ವಾರ್ಟರ್ಸ್ ಸಾಲಿನಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಹಾಲಿನವನು ಅವಳ ಮನೆಗೆ ಮಾತ್ರ ನೀರು ಬೆರೆಸದೆ ಹಾಲು ಹಾಕುತ್ತಿದ್ದ.

ಶಿವಮೊಗ್ಗದ ರಾಮಚಂದ್ರಪ್ಪ ಡಾಕ್ಟರು ಹೊಟ್ಟೆ ಅದುಮಿ ನೋಡಿ, ಬೆರಳು ಚುಚ್ಚಿ ರಕ್ತ ತೆಗೆದು, ರಕ್ತದ ಕ್ಯಾನ್ಸರು ಎಂದರು. ವಾಸಿಯಾಗುವುದಲ್ಲ, ಆದರೆ ಹಿಡಿತದಲ್ಲಿಡುವ ಗುಳಿಗೆ ಬೊಂಬಾಯಿಯಿಂದ ತರಿಸಬಹುದು ಎಂದೂ ಹೇಳಿದರು. ವಾಸಿಯಾಗುವುದಲ್ಲ ಎಂಬ ಮಾತು ಜಗದಾಂಬಮ್ಮನ ಕಿವಿಗೆ ಬಿತ್ತು, ಆದರೆ ಅವಳು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಗುಳಿಗೆ ಎಂಬ ಮಾತನ್ನಷ್ಟೇ ಸೆರಗಿಗೆ ಕಟ್ಟಿಕೊಂಡು ಬಂದಳು.

ಮೊದಲ ಸಲ ರಕ್ತದ ಬಿಳಿ ಕಣ ಎಣಿಸಿದಾಗ ಎರಡು ಲಕ್ಷದ ಮೇಲಿತ್ತು. ಕೆಲವು ವಾರ ಗುಳಿಗೆ ನುಂಗಿದ ಮೇಲೆ ಅದು ಐವತ್ತು ಸಾವಿರಕ್ಕೆ ಇಳಿಯಿತು. ಡಾಕ್ಟರು ಸಂತೋಷದಿಂದ ಹೇಳಿದರೆ ಇವಳು ಎದ್ದು ನಿಂತೇ ಬಿಟ್ಟಳು.

"ಇದೇನ್ ಔಷಧಿ ಸ್ವಾಮಿ! ಎರಡು ಲಕ್ಷ ಇದ್ದಿದ್ದನ್ನ ಐವತ್ತು ಸಾವಿರ ಮಾಡಿದೀರಲ್ಲ, ಉಳಿದಿದ್ದೆಲ್ಲ ಎಲ್ಲಿಗೆ ಹೋಯ್ತು? ನಾನು ದಿನಾ ಸೊಪ್ಪು, ಹಾಲು, ತುಪ್ಪ ಅಂತ ಸುರೀತಿರೋದು ಯಾಕೆ ಮತ್ತೆ?"

ಡಾಕ್ಟರು ನಕ್ಕರು. ಆಮೇಲೆ ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. "ಅಮ್ಮ, ಅವು ಬಲ ಕೊಡೋ ಕಣ ಅಲ್ಲ. ಬಲಿಯೋಕೆ ಮುಂಚೇನೇ ಗುಂಪುಗಟ್ಟಿ ಆಚೆ ಬಂದಿರೋವು. ಕಮ್ಮಿ ಆದಷ್ಟೂ ಒಳ್ಳೇದು. ಹತ್ತು ಸಾವಿರದ ಹತ್ರಕ್ಕೆ ಬಂದ್ರೆ ನಮ್ಮ ನಿಮ್ಮ ಹಾಗೇ. ಆದ್ರೆ ಬರೀ ಲೆಕ್ಕ ನೋಡಿದ್ರೆ ಸಾಲದು. ಗಾಜಿನ ಮೇಲೆ ರಕ್ತ ಸವರಿ, ಎಳೇವು ಎಷ್ಟು, ಬಲಿತಿದ್ದು ಎಷ್ಟು ಅಂತಾನೂ ನೋಡ್ಬೇಕು. ಎಡಪಕ್ಕೇಲಿ ಊದಿದೆಯಲ್ಲ ಗುಲ್ಮ, ಅದು ಕರಗ್ತಾ ಇದೆಯಾ ಅಂತ ಮುಟ್ಟಿ ನೋಡ್ಬೇಕು. ಮೂರೂ ಒಂದೇ ಮಾತು ಹೇಳಿದ್ರೆ ಗುಳಿಗೆ ಕೆಲಸ ಮಾಡ್ತಿದೆ ಅಂತ ಅರ್ಥ."

ಲೆಕ್ಕ, ಗಾಜು ಇವೆಲ್ಲ ಶಿವಮೊಗ್ಗದಲ್ಲೇ ಉಳಿಯುವಂಥವು. ಮೂರನೆಯದು ಮಾತ್ರ ಅವಳ ಜೊತೆ ಮನೆಗೆ ಬಂತು. ಉಜ್ಜನಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಮಣೆಯ ಮೇಲೆ ಕೂತು, ವಿಭೂತಿಯನ್ನು ನೀರಲ್ಲಿ ಕಲಸಿ ಹಣೆಗೆ, ತೋಳಿಗೆ, ಎದೆಗೆ, ಹೊಟ್ಟೆಗೆ ಮೂರು ಬೆರಳಿನಿಂದ ಎಳೆಯುತ್ತಿದ್ದ. ಆಮೇಲೆ ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲಿಟ್ಟು ಪೂಜೆ ಮಾಡುವುದು. ನೀರು, ಪತ್ರೆ ತಂದಿಡುವವಳು ಅವಳೇ. ಹೊಟ್ಟೆಯ ಗೆರೆಗಳು ಎಡಕ್ಕೆ ಹೋಗುತ್ತ ಉಬ್ಬು ಹತ್ತಿ ಇಳಿಯುವುದನ್ನು ಅವಳು ನೋಡಿದ್ದಳು. ಈಗ ಅವು ವಾರವಾರಕ್ಕೂ ತಗ್ಗುತ್ತ ಬಂದವು. ಗಂಡ ಕಣ್ಣು ಮಿಟುಕಿಸದೆ ಲಿಂಗ ನೋಡುತ್ತಿದ್ದರೆ ಇವಳು ಕಣ್ಣು ಮಿಟುಕಿಸದೆ ಅವನ ಹೊಟ್ಟೆ ನೋಡುತ್ತಿದ್ದಳು. ಅಪಚಾರವೋ ಏನೋ, ಅವಳಿಗೆ ಅದೇ ಪೂಜೆಯಾಗಿತ್ತು.

ಲೆಕ್ಕ ಹತ್ತು ಸಾವಿರದೊಳಗೆ ಬಂದ ದಿನ ಹೋಳಿಗೆ ಮಾಡಿ ಇಡೀ ಸಾಲಿಗೆ ಹಂಚಿದಳು. ಯಾವ ಹಬ್ಬ ಎಂದು ಕೇಳಿದವರಿಗೆ, "ನಮ್ಮ ಯಜಮಾನರ ರಕ್ತ ಸರಿಹೋಯ್ತು" ಎಂದಳು. ಉಜ್ಜನಪ್ಪ ಮತ್ತೆ ಕೆಲಸಕ್ಕೆ ಹೋದ. ಕುಲುಮೆಯ ಮುಂದಕ್ಕಲ್ಲ, ಸ್ಟೋರಿಗೆ. ಆದರೂ ಹೋದ. ಡಾಕ್ಟರು ಗುಳಿಗೆ ನಿಲ್ಲಿಸಿ, ಏರಿದರೆ ಮತ್ತೆ ಕೊಟ್ಟು, ಇಳಿದರೆ ನಿಲ್ಲಿಸಿ, ಹೀಗೇ ಒಂದು ವರ್ಷ ದಾಟಿಸಿದರು. ಬಸ್ಸು ಮಾತ್ರ ನಿಲ್ಲಲಿಲ್ಲ. ಜಗದಾಂಬಮ್ಮನಿಗೆ ಸಾಕುಸಾಕಾಗಿ ಹೋಗಿತ್ತು. ಬೈಯುವುದಕ್ಕೂ ಬೇಸರವಾಗುವಷ್ಟು ಸಾಕಾಗಿತ್ತು.

ಮರುವರ್ಷ ದೀಪಾವಳಿ ಕಳೆದ ಮೇಲೆ ಉಜ್ಜನಪ್ಪ ಪೂಜೆಗೆ ಕೂರುವಾಗ ಶಲ್ಯ ಹೊದೆಯಲು ಶುರು ಮಾಡಿದ.

"ಚಳಿ ಕಣೇ," ಎಂದ.

ಕುಲುಮೆಯ ಮುಂದೆ ಬೆಂದ ಮೈಗೆ ಎಂಥ ಚಳಿ! ಅವಳಿಗೆ ಅನುಮಾನ ಬಂತು. ಆದರೆ ಆ ವಾರದ ಲೆಕ್ಕ ಹದಿನೈದು ಸಾವಿರ, ಅಷ್ಟೇನೂ ಹೆಚ್ಚಲ್ಲ. ಲೆಕ್ಕ ಸರಿ ಇದೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನೀರು, ಪತ್ರೆ ಇಟ್ಟು ಹೊರಗೆ ಬರತೊಡಗಿದಳು.

ಮುಂದಿನ ಸಲ ಡಾಕ್ಟರು ಹೊಟ್ಟೆ ಅದುಮಿದವರು ಮತ್ತೊಮ್ಮೆ ಅದುಮಿದರು. ಗಾಜನ್ನು ತುಂಬ ಹೊತ್ತು ನೋಡಿದರು. "ಲೆಕ್ಕ ಒಂದು ಹೇಳ್ತಿದೆ, ಹೊಟ್ಟೆ ಇನ್ನೊಂದು ಹೇಳ್ತಿದೆ," ಎಂದರು. "ಗಾಜಿನ ಮೇಲೂ ತೀರಾ ಎಳೇವು ಕಾಣ್ತಿವೆ. ಎದೆ ಮಧ್ಯದ ಮೂಳೆಗೆ ಸೂಜಿ ಹಾಕಿ ಒಳಗಿನ ಮಜ್ಜೆ ಒಂದಿಷ್ಟು ತೆಗೆದು ನೋಡ್ಬೇಕು. ರಕ್ತ ಹುಟ್ಟೋದೇ ಅಲ್ಲಿ. ಈ ಗುಳಿಗೆ ಇನ್ನು ಮಾತು ಕೇಳುತ್ತೋ ಇಲ್ವೋ ಅಂತ ಅದು ಹೇಳುತ್ತೆ. ಕೊರಳಿಂದ ಇದನ್ನ ಒಂದರ್ಧ ಗಂಟೆ ತೆಗೆದಿಡ್ಬೇಕಾಗುತ್ತೆ, ಅಷ್ಟೆ." ಕರಡಿಗೆ ತೂಗುತ್ತಿದ್ದುದು ಸೂಜಿ ಇಳಿಯಬೇಕಾದ ಜಾಗದಲ್ಲೇ.

ಉಜ್ಜನಪ್ಪ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಪ್ರಾಣ ಹೋದ್ರೂ ಲಿಂಗ ಮೈಬಿಟ್ಟು ಇಳಿಸೋದಿಲ್ಲ ಡಾಕ್ಟ್ರೇ. ತೊಟ್ಟಿಲಲ್ಲಿ ಕಟ್ಟಿದ್ದು, ಮಣ್ಣಿಗೂ ಜೊತೆಗೇ ಹೋಗೋದು."

ಡಾಕ್ಟರು ಒತ್ತಾಯ ಮಾಡಲಿಲ್ಲ. ಯೋಚನೆ ಮಾಡಿ ಬನ್ನಿ ಎಂದು ಕಳಿಸಿದರು. ಜಗದಾಂಬಮ್ಮ ಗಂಡನ ನಿಷ್ಠೆ ನೋಡಿ ಬಸ್ಸಿನಲ್ಲಿ ಕಣ್ಣೀರು ಹಾಕಿದಳು. ಹೆಮ್ಮೆಯೂ ಆಯಿತು, ಸಿಟ್ಟೂ ಬಂತು. ಶಿವ ತಾನೇ ಅಡ್ಡ ನಿಂತರೆ ಯಾರನ್ನು ಬೈಯುವುದು?

ಮನೆಗೆ ಬಂದು ಅಕ್ಕಿ ತೊಳೆಯುವಾಗ ಥಟ್ಟನೆ ಹೊಳೆಯಿತು. ಒದ್ದೆ ಕೈಯಲ್ಲೇ ನಡುಮನೆಗೆ ಬಂದಳು.

"ರೀ, ದಿನಾ ಪೂಜೆಗೆ ಕೂರ್ತೀರಲ್ಲ, ಆಗ ಲಿಂಗ ಎಲ್ಲಿರುತ್ತೆ? ಕೊರಳಲ್ಲಾ?"

ಅವನು ತನ್ನ ಎಡ ಅಂಗೈ ನೋಡಿಕೊಂಡ.

"ಅಂಗೈ ಮೇಲೆ ತಾನೆ? ಮೈಬಿಟ್ಟು ಇಳಿಸೋದು ಯಾಕೆ ಬೇಕು? ಆಸ್ಪತ್ರೇಲೂ ಅಂಗೈಲಿ ಹಿಡ್ಕೊಂಡು ಮಲಗಿ. ಎದೆ ಖಾಲಿ ಆಗುತ್ತೆ, ಚುಚ್ಕೊಳ್ಳಲಿ!" ಗೆದ್ದವಳ ಹಾಗೆ ಸೊಂಟದ ಮೇಲೆ ಕೈ ಇಟ್ಟು ನಿಂತಳು.

ಉಜ್ಜನಪ್ಪ ತಲೆ ಬಗ್ಗಿಸಿ ಕೂತಿದ್ದ. "ನನಗೆ ಗೊತ್ತಿರಲಿಲ್ಲ ಅಂದ್ಕೊಂಡ್ಯಾ ಮಾರಾಯ್ತಿ?" ಎಂದ. "ನಲವತ್ತು ವರ್ಷದಿಂದ ಅಂಗೈ ಮೇಲೆ ಇಟ್ಕೊಳ್ಳೋನಿಗೆ ಅದು ಹೊಳೀದೆ ಇರುತ್ತಾ? ಕುಲುಮೆ ಮುಂದೆ ಅಷ್ಟು ವರ್ಷ ನಿಂತಿದೀನಿ. ಸೌಟಲ್ಲಿ ಒಂದಿಷ್ಟು ಕರಗಿದ ಕಬ್ಬಿಣ ತೆಗೆದು, ಆರಿಸಿ ಒಡೆದು ನೋಡಿದ ಮೇಲೆ ಮಾತೇ ಇಲ್ಲ. ಕೆಟ್ಟಿದ್ರೆ ಕೆಟ್ಟಿದ್ದೇ. ಅಲ್ಲೀವರೆಗೂ ಚೆನ್ನಾಗಿರಬಹುದು ಅಂತ ಅಂದ್ಕೋಬಹುದು."

ಜಗದಾಂಬಮ್ಮನ ಕೈ ಸೊಂಟದಿಂದ ಜಾರಿತು. ಗಂಡ ಶಿವನ ಹಿಂದೆ ಅಡಗಿ ಕೂತಿದ್ದ. ಅಲ್ಲಿಂದಲೂ ಅವನನ್ನು ಎಳೆದು ಹಾಕಿದವಳು ತಾನು. ಅಯ್ಯೋ, ಈ ಹಾಳು ಬುದ್ಧಿ ಯಾಕಾದರೂ ಹೊಳೆಯಿತೋ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಬೇಡ ಬಿಡಿ, ಹೋಗೋದು ಬೇಡ ಎನ್ನಲು ಬಾಯಿ ತೆರೆದಳು.

"ಹೋಗೋಣ," ಎಂದ ಅವನೇ. "ನೀನು ಇಷ್ಟು ದಿನ ನಿಂಬೆಹಣ್ಣು ಮೂಸಿದ್ದಕ್ಕಾದ್ರೂ ನಿಜ ಗೊತ್ತಾಗ್ಲಿ."

ಸೂಜಿ ಹಾಕುವ ದಿನ ಉಜ್ಜನಪ್ಪ ಆಸ್ಪತ್ರೆಯ ಮಂಚದ ಮೇಲೆ ಅಂಗಾತ ಮಲಗಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಜಗದಾಂಬಮ್ಮ ಅವನ ಬಲಗೈ ಹಿಡಿದಿದ್ದಳು. ಮೂಳೆ ಮರಗಟ್ಟಲು ಮದ್ದು ಕೊಟ್ಟಿದ್ದರೂ ಒಳಗಿನದನ್ನು ಎಳೆಯುವಾಗ ಅವನ ಕಾಲು ಸೆಟೆದುಕೊಂಡಿತು. ಅಂಗೈ ಅಲುಗಲಿಲ್ಲ. ಆಮೇಲೆ ನಾಲ್ಕು ದಿನ ಮನೆಯಲ್ಲಿ ಇಬ್ಬರೂ ಉಪ್ಪು, ಹುಳಿ, ಹಾಲಿನ ಮಾತು ಬಿಟ್ಟು ಬೇರೇನೂ ಆಡಲಿಲ್ಲ.

ಫಲಿತಾಂಶ ಹೇಳುವಾಗ ಡಾಕ್ಟರಿಗೂ ದಣಿವಾದಂತಿತ್ತು. "ಮಜ್ಜೆ ತುಂಬ ಎಳೇವೇ ಇವೆ. ಇನ್ನು ಈ ಗುಳಿಗೆ ಮಾತು ಕೇಳೋದಿಲ್ಲ. ಬೇರೆ ಔಷಧಿ ಕೊಟ್ಟು ನೋಡ್ತೀನಿ, ಆದ್ರೆ ನಿಮ್ಮ ಹತ್ರ ಸುಳ್ಳು ಹೇಳೋಲ್ಲ," ಎಂದರು. ಜಗದಾಂಬಮ್ಮ ಅವರ ಮೇಲೆ ಏರಿಹೋಗಬಹುದೆಂದು ಉಜ್ಜನಪ್ಪ ಅವಳ ಮೊಣಕೈ ಹಿಡಿದುಕೊಂಡ. ಅವಳು ಏಳಲೇ ಇಲ್ಲ. ಬಸ್ಸಿನಲ್ಲಿ ನಿಂಬೆಹಣ್ಣು ಕೈಚೀಲದಲ್ಲೇ ಉಳಿಯಿತು. ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಹೊಟ್ಟೆ ತೊಳೆಸಲಿಲ್ಲ.

ಮರುದಿನ ಬೆಳಿಗ್ಗೆ ನೀರು, ಪತ್ರೆ ಇಟ್ಟು ಅವಳು ಹೊರಗೆ ಹೊರಟಳು.

"ಜಗದಾಂಬಾ, ಇಲ್ಲಿ ಕೂತ್ಕೋ," ಎಂದ ಉಜ್ಜನಪ್ಪ.

ಶಲ್ಯ ತೆಗೆದು ಪಕ್ಕಕ್ಕಿಟ್ಟ. ಎದೆಯ ಮೇಲೆ ಸೂಜಿಯ ಜಾಗಕ್ಕೆ ಹಚ್ಚಿದ ಪಟ್ಟಿ ಇನ್ನೂ ಇತ್ತು. ಹೊಟ್ಟೆಯ ಎಡಭಾಗ ಹೊಕ್ಕುಳಿನವರೆಗೂ ಉಬ್ಬಿತ್ತು. ಅಷ್ಟನ್ನೂ ಅವನು ಎರಡು ತಿಂಗಳು ಒಬ್ಬನೇ ಹೊತ್ತಿದ್ದ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

"ಬಗ್ಗಿದ್ರೆ ನೋಯುತ್ತೆ ಕಣೇ," ಎಂದು ವಿಭೂತಿಯ ಬಟ್ಟಲನ್ನು ಅವಳ ಕಡೆ ಸರಿಸಿದ. "ಇನ್ಮೇಲೆ ಇಲ್ಲಿಗೆ ನೀನೇ ಹಚ್ಚು."

ಅವಳು ಮೂರು ಬೆರಳು ಅದ್ದಿ ಬಲಗಡೆಯಿಂದ ಎಳೆದಳು. ನಡುವಿಗೆ ಬಂದಾಗ ಬೆರಳು ಏರಿದವು, ಗಟ್ಟಿಯಾದ ಅಂಚು ಸಿಕ್ಕಿತು. ಅಲ್ಲಿ ಒಂದು ಗಳಿಗೆ ಕೈ ತಡೆದಳು. ಆಮೇಲೆ ಪಕ್ಕೆಯವರೆಗೂ ಗೆರೆ ಪೂರ್ತಿ ಮಾಡಿ ಬೆರಳು ತೊಳೆದುಕೊಂಡಳು.