ಗಾಜು ಆರುವವರೆಗೆ

ಆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಪ್ರೊಫೆಸರರಿಗೂ ಅಕ್ಕನೇ. ಇಪ್ಪತ್ಮೂರು ವರ್ಷದ ಹಿಂದೆ ಸೀಸೆ ತೊಳೆಯುವ ಕೆಲಸಕ್ಕೆಂದು ಬಂದವಳು ಈಗ ಹೊರಗಿನ ಗಾಳಿ ನುಸುಳದ ದೊಡ್ಡ ಪೆಟ್ಟಿಗೆಯೊಳಕ್ಕೆ, ಅದಕ್ಕೇ ಜೋಡಿಸಿದ ರಬ್ಬರಿನ ಕೈಗವಸುಗಳಲ್ಲಿ ಮೊಣಕೈವರೆಗೆ ಕೈ ತೂರಿಸಿ, ಉಗುರಿನಷ್ಟಗಲದ ಗಾಜಿನ ಮೇಲೆ ದೀಪ ತಯಾರಿಸುತ್ತಾಳೆ. ಡಿಗ್ರಿಗಿಗ್ರಿ ಏನೂ ಇಲ್ಲ, ಪಳಗಿದ ಕೈ ಇದೆ. ಡಿಗ್ರಿ ಇದ್ದವರು ಬರುತ್ತಾರೆ, ಹೋಗುತ್ತಾರೆ. ಅವರಿಗೆ ಚಿಮಟ ಹಿಡಿಯುವುದನ್ನು ಕಲಿಸಿ ಕಳಿಸುವವಳು ಇವಳೇ.

ದೀಪವೆಂದರೆ ಪೆರೋವ್‌ಸ್ಕೈಟ್ ಎಂಬ ಹರಳಿನ ತೆಳು ಪದರದ ಎಲ್‌ಇಡಿ. ಕೆಂಪು, ಹಸಿರು ಹೇಳಿದ ಮಾತು ಕೇಳುತ್ತವೆ. ನೀಲಿ ಮಾತ್ರ ಮಹಾ ಹಟಮಾರಿ. ಹರಳಿನಲ್ಲಿ ಕ್ಲೋರಿನ್ ಕೂರಬೇಕಾದ ಜಾಗಗಳು ಅಲ್ಲಲ್ಲಿ ಖಾಲಿ ಉಳಿದು, ಕರೆಂಟು ಹರಿದ ಐದೇ ನಿಮಿಷಕ್ಕೆ ಬೆಳಕು ಹಸಿರಿಗೆ ತಿರುಗುತ್ತಿತ್ತು.

"ಇವತ್ತೂ ನಿನ್ನ ನೀಲಿ ಕೈ ಕೊಡ್ತಾ?" ಎಂದು ಬಸ್ಸು ಓಡಿಸುವ ಗಂಡ ಸಂಜೆ ಕಾಡಿಸುತ್ತಿದ್ದ.

"ನಿಮ್ಮ ಬಸ್ಸೂ ಕೈ ಕೊಡತ್ತಲ್ಲ, ನಾನೇನಾದ್ರೂ ಅಂತೀನಾ?" ಎನ್ನುತ್ತಿದ್ದಳು ಇವಳು.

ಕೊನೆಗೊಂದು ಮದ್ದು ಸಿಕ್ಕಿತು. ಬಿಸಿ ಹಲಗೆಯ ಮೇಲೆ ಕಾಯಿಸಿದ ಪದರಕ್ಕೆ ಒಂದು ಲವಣದ ದ್ರಾವಣ ಹನಿಸಿದರೆ ಆ ಖಾಲಿ ಜಾಗಗಳು ತುಂಬಿಕೊಳ್ಳುತ್ತಿದ್ದವು. ಅಕ್ಕ ಮಾಡಿದ ದೀಪ ಮೂರು ಗಂಟೆ ಅಪ್ಪಟ ನೀಲಿಯಾಗಿ ಉರಿಯಿತು. ಪ್ರೊಫೆಸರರ ಲೇಖನ ಅಚ್ಚಾಯಿತು, ಎಲ್ಲರೂ ಬೆನ್ನು ತಟ್ಟಿದರು. ಎರಡು ತಿಂಗಳಿಗೆ ದೂರದ ಇನ್ನೊಂದು ಪ್ರಯೋಗಾಲಯದಿಂದ ಪತ್ರ ಬಂತು: "ನೀವು ಬರೆದಂತೆಯೇ ಹನ್ನೆರಡು ಸಲ ಮಾಡಿದೆವು. ಹನ್ನೆರಡೂ ಹಸಿರಾದವು. ಲೇಖನ ಹಿಂತೆಗೆದುಕೊಳ್ಳುವಿರಾ?"

ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಸಂಶೋಧಕಿಯೊಬ್ಬಳು ತಾನೂ ಮಾಡಿ ನೋಡಿದಳು. ಹಸಿರು. ಆಗ ಪ್ರೊಫೆಸರ್ ಅಕ್ಕನನ್ನು ಕರೆಸಿ, ಮುಖ ನೋಡದೆ ಕೇಳಿದರು: "ಅಕ್ಕಾ, ನೀವು ಬೇರೆ ಏನಾದ್ರೂ ಸೇರಿಸ್ತಿದ್ರಾ? ಇಲ್ಲಾ ಚೆನ್ನಾಗಿ ಬಂದಿದ್ದನ್ನ ಮಾತ್ರ ತೋರಿಸ್ತಿದ್ರಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ಮೂರು ವರ್ಷ ಒಂದು ಹನಿ ಹೆಚ್ಚುಕಮ್ಮಿ ಮಾಡದವಳನ್ನು ಸುಳ್ಳಿ ಎಂದಂತಾಯಿತು. ಸಂಜೆ ಎಲ್ಲವನ್ನೂ ಗಂಡನಿಗೆ ಹೇಳಿದಳು. ಅವನು ಕಾಡಿಸಲಿಲ್ಲ. "ಬಾಯಲ್ಲಿ ಹೇಳ್ಬೇಡ. ಅವರ ಕಣ್ಣೆದುರಿಗೇ ಮಾಡಿ ತೋರ್ಸು" ಎಂದ.

ಮರುದಿನ ಬೆಳಿಗ್ಗೆ ಅವಳು ಪ್ರೊಫೆಸರರನ್ನು ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿ ಕೂರಿಸಿ, ಸಂಶೋಧಕಿಯನ್ನೂ ಕರೆದಳು. "ನೀವು ನೋಡ್ತಾ ಇರಿ ಸರ್. ಇವಳು ನಿಮ್ಮ ಲೇಖನ ಗಟ್ಟಿಯಾಗಿ ಓದ್ಲಿ."

ಸಂಶೋಧಕಿ ಒಂದೊಂದೇ ಸಾಲು ಓದಿದಳು. ಅಕ್ಕ ಗಾಜಿನ ಮೇಲೆ ಪದರ ಹರಡಿದಳು, ಬಿಸಿ ಹಲಗೆಯ ಮೇಲಿಟ್ಟು ಕಾಯಿಸಿದಳು.

"ಈಗ ದ್ರಾವಣ ಹಾಕ್ಬೇಕು" ಎಂದಳು ಸಂಶೋಧಕಿ.

ಅಕ್ಕ ಗಾಜನ್ನು ಚಿಮಟದಿಂದ ಎತ್ತಿ, ಪಕ್ಕದ ಸ್ಟೀಲ್ ತಟ್ಟೆಯ ಮೇಲಿಟ್ಟು ಸುಮ್ಮನೆ ನಿಂತಳು.

"ಯಾಕಕ್ಕಾ ನಿಂತ್ರಿ?"

"ಗಾಜು ಆರ್ಬೇಕಲ್ಲಮ್ಮ."

"ಆರಿಸ್ಬೇಕು ಅಂತ ಇದ್ರಲ್ಲಿ ಎಲ್ಲೂ ಇಲ್ವಲ್ಲ!"

"ಅದನ್ನೂ ಬರೀತಾರಾ?"

ಪ್ರೊಫೆಸರ್ ಎದ್ದು ನಿಂತರು. ಹಿಂದೊಮ್ಮೆ ಬಿಸಿ ಗಾಜು ತಗುಲಿ ಅಕ್ಕನ ಕೈಗವಸು ತೂತಾಗಿ, ಪೆಟ್ಟಿಗೆಗೆ ಗಾಳಿ ನುಗ್ಗಿ, ತಿಂಗಳ ಕೆಲಸ ಮಣ್ಣುಪಾಲಾಗಿತ್ತು. ಅಂದಿನಿಂದ ಕಾದ ಗಾಜನ್ನು ಚಿಮಟದಿಂದ ಬದಿಗಿಟ್ಟು, ನೂರು ಎಣಿಸದೆ ಅದರ ಹತ್ತಿರ ಕೈ ಒಯ್ದವಳಲ್ಲ ಅವಳು. ಒಲೆ ಆರಿಸಿ ಬಂದೆ ಎಂದು ಯಾರಾದರೂ ಬರೆದಿಡುತ್ತಾರೆಯೇ? ಮಿಕ್ಕವರೆಲ್ಲ ಲೇಖನ ನಂಬಿ ಸುಡುವ ಗಾಜಿಗೇ ಹನಿಸಿದ್ದರು. ಲವಣ ಒಳಗಿಳಿಯುವ ಮೊದಲೇ ದ್ರಾವಣ ಹಬೆಯಾಗಿ ಹೋಗಿತ್ತು.

ಆ ದಿನ ಅವಳು ಆರು ದೀಪ ಮಾಡಿದಳು. ಆರೂ ಮೂರು ಗಂಟೆ ನೀಲಿಯಾಗಿಯೇ ಉರಿದವು. ಗಾಜು ಆರಿಸಿ ನೋಡಿ ಎಂದು ಬರೆದ ಮೇಲೆ ದೂರದವರದೂ ನೀಲಿಯಾಯಿತು.

"ಮೊದಲೇ ಹೇಳ್ಬಾರ್ದಿತ್ತಾ ಅಕ್ಕಾ?" ಎಂದರು ಪ್ರೊಫೆಸರ್.

"ನೀವು ಒಂದಿನಾನೂ ನಿಂತು ನೋಡಿರ್ಲಿಲ್ಲ ಸರ್."

ಅವರು ತಲೆ ತಗ್ಗಿಸಿದರು. "ನನ್ನದೇ ತಪ್ಪು. ಆವತ್ತು ಹಾಗೆ ಕೇಳ್ಬಾರ್ದಿತ್ತು." ಲೇಖನಕ್ಕೆ ತಿದ್ದುಪಡಿ ಬರೆಯಲು ಕಂಪ್ಯೂಟರ್ ತೆರೆದರು. "ಲೇಖಕರ ಸಾಲಿಗೆ ನಿಮ್ಮ ಹೆಸರೂ ಸೇರಿಸ್ತೀನಿ. ಎಲ್ಲಿ ಹಾಕ್ಲಿ?"

ಬೇರೆಯವರಾಗಿದ್ದರೆ ಸಂಕೋಚದಿಂದ ಎಲ್ಲಾದರೂ ಸರಿ ಎನ್ನುತ್ತಿದ್ದರೇನೋ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು.

"ಕೆಲಸ ಮಾಡಿದ ಕ್ರಮದಲ್ಲೇ ಹಾಕಿ ಸರ್."

ಪ್ರೊಫೆಸರ್ ಎಲ್ಲರಿಗಿಂತ ಮೊದಲು ಅವಳ ಹೆಸರನ್ನು ಬರೆದರು. ಅವಳು ಬಗ್ಗಿ, ಅಕ್ಷರ ಸರಿಯಾಗಿದೆಯೇ ಎಂದು ಎರಡು ಸಲ ಓದಿ, ಪೆಟ್ಟಿಗೆಯ ಕಡೆಗೆ ನಡೆದಳು.